ಯೆರಿಕೋವಿನ ಎಳೆಗೂಸುಗಳು
ಹಳೇ ಒಡಂಬಡಿಕೆಯ ಯುದ್ಧಗಳನ್ನೂ ದೇವರ ನ್ಯಾಯವನ್ನೂ ಕುರಿತ ಒಂದು ಪಾಠ

ಕೆಲವು ವರುಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ನಾನು ಯೆಹೋಶುವನ ಪುಸ್ತಕದ ಆರನೆಯ ಅಧ್ಯಾಯವನ್ನು ಪಾಠಮಾಡುತ್ತಿದ್ದೆನು. ಏಳು ಮಂದಿ ಯಾಜಕರು ಟಗರಿನ ಕೊಂಬುಗಳನ್ನು ಊದುತ್ತಾ ಯೆರಿಕೋ ಪಟ್ಟಣವನ್ನು ಸುತ್ತಿದುದನ್ನೂ, ಏಳನೆಯ ದಿನ ಜನರು ಆರ್ಭಟಿಸಲು ಗೋಡೆಯು ಕುಸಿದುಬಿದ್ದುದನ್ನೂ ಹುಡುಗಿಯರು ಬಲು ಸಂತೋಷದಿಂದ ಕೇಳಿದರು. ಅದರ ಮುಂದಿನ ಮಾತನ್ನು ಬೇಗನೆ ಓದಿ ದಾಟಿಬಿಡಬೇಕೆಂದು ನಾನು ಎಣಿಸಿದ್ದೆನು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿದ್ದ ಒಬ್ಬಳು ಎದ್ದು, "ಅಮ್ಮಾ, ಆ ಊರಿನ ಎಳೆಗೂಸುಗಳು ಏನು ಪಾಪ ಮಾಡಿದ್ದವು?" ಎಂದು ಕೇಳಿದಳು. ಅವಳ ಮನೆಯಲ್ಲಿ ಆ ತಿಂಗಳೇ ಒಂದು ಮಗು ಹುಟ್ಟಿತ್ತು. ದೇವರ ಮಾರ್ಗಗಳು ನಮ್ಮ ಬುದ್ಧಿಗೆ ನಿಲುಕತಕ್ಕವುಗಳಲ್ಲ, ಕುಳಿತುಕೋ ಎಂದೆನು. ಅವಳು ಕುಳಿತುಕೊಂಡಳು. ಆ ವರುಷವೆಲ್ಲಾ ವೇದಪಾಠದಲ್ಲಿ ಅವಳು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆಕೆ ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳಾಗಿರುವುದರಿಂದ ಈ ಸಂಚಿಕೆಯು ಆಕೆಯ ಕೈಸೇರಬಹುದು. ಅಂದು ಕೊಡದೆ ಬಿಟ್ಟ ಉತ್ತರವನ್ನು ಇಂದು ಸಾಧ್ಯವಾದಷ್ಟು ಕೊಡಲು ಪ್ರಯತ್ನಿಸುವೆನು.

ಮೊದಲು ಮಾತಿನ ಅರ್ಥವನ್ನು ತಿಳಿಯಬೇಕು. ಯೆರಿಕೋವಿಗೆ ಮಾಡಿದುದನ್ನು ಇಬ್ರಿಯ ಭಾಷೆಯಲ್ಲಿ "ಹೇರೆಮ್" ಎನ್ನುವರು. ದೇವರಿಗೆ ಮೀಸಲಾಗಿ ಬಿಟ್ಟುಬಿಟ್ಟದ್ದು, ಆದಕಾರಣ ಮನುಷ್ಯನು ಮುಟ್ಟಕೂಡದ್ದು ಎಂದು ಇದರ ತಾತ್ಪರ್ಯ. ಯುದ್ಧದಲ್ಲಿ ಇದು ಊರನ್ನು ಪೂರ್ಣವಾಗಿ ನಾಶಮಾಡುವುದಾಗಿ ಪರಿಣಮಿಸಿತು. ಕೊಳ್ಳೆಯಿಂದ ಯಾರೂ ಐಶ್ವರ್ಯವಂತರಾಗಬಾರದೆಂಬುದೂ ಇದರಲ್ಲಿ ಅಡಗಿತ್ತು. ಆಕಾನನೆಂಬವನು ಶಿನಾರಿನ ಒಂದು ನಿಲುವಂಗಿಯನ್ನೂ ಇನ್ನೂರು ಶೆಕೆಲ್ ಬೆಳ್ಳಿಯನ್ನೂ ಐವತ್ತು ಶೆಕೆಲ್ ತೂಕದ ಚಿನ್ನದ ಗಟ್ಟಿಯನ್ನೂ ಕದ್ದು ಗುಡಾರದಲ್ಲಿ ಹೂತಿಟ್ಟನು. ಮುಂದೆ ಆಯಿ ಎಂಬ ಊರಿನ ಮೇಲೆ ಹೋದ ಸುಮಾರು ಮೂರು ಸಾವಿರ ಮಂದಿ ಸೋತು ಓಡಿಬಂದರು, ಮೂವತ್ತಾರು ಮಂದಿ ಸತ್ತರು. ಆದರೆ ಕಾನಾನ್ಯಳಾದ ರಾಹಾಬಳೂ ಅವಳ ಮನೆಯವರೂ ಉಳಿದರು. ಹೊರಗಿನವಳು ಉಳಿದಳು, ಒಳಗಿನವನು ಅಳಿದನು. ಜನಾಂಗ ನೋಡಿ ತೀರ್ಪಾಗಲಿಲ್ಲವೆಂಬುದನ್ನು ಆ ಕಥೆಯೇ ತೋರಿಸುತ್ತದೆ. ಇದು ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರವಲ್ಲ, ಬಲ್ಲೆನು.

ಈ ಪದ್ಧತಿ ಇಸ್ರಾಯೇಲ್ಯರಲ್ಲಿ ಮಾತ್ರ ಇತ್ತೇ? ಇಲ್ಲ. 1868ರಲ್ಲಿ ಕ್ಲೈನ್ ಎಂಬ ಮಿಶನೆರಿಯು ಮೃತ್ಯುಸಮುದ್ರದ ಮೂಡಲಿಗಿರುವ ದೀಬಾನಿನಲ್ಲಿ ಒಂದು ಕರಿಯ ಶಿಲಾಶಾಸನವನ್ನು ನೋಡಿದನು. ಅದು ಕ್ರಿ.ಪೂ. ಒಂಬತ್ತನೆಯ ಶತಮಾನದ ಮೋವಾಬಿನ ಅರಸನಾದ ಮೇಷನದು. ಎರಡನೆಯ ಅರಸುಗಳ ಮೂರನೆಯ ಅಧ್ಯಾಯದಲ್ಲಿ ಬರುವ ಮೇಷನು ಇವನೇ. ತಮ್ಮ ದೇವನಾದ ಕೆಮೋಷನು ಸ್ವದೇಶದ ಮೇಲೆ ಕೋಪಗೊಂಡದ್ದರಿಂದ ಇಸ್ರಾಯೇಲ್ಯರು ಮೋವಾಬನ್ನು ಕುಗ್ಗಿಸಿದರೆಂದೂ, ಆಮೇಲೆ ಅದೇ ದೇವನ ಅಪ್ಪಣೆಯಂತೆ ತಾನು ನೆಬೋ ಊರನ್ನು ಹಿಡಿದು ಗಂಡಸರು ಹೆಂಗಸರು ಕೂಡಿ ಏಳು ಸಾವಿರ ಜನರನ್ನು ಕೊಂದು ಮೀಸಲುಮಾಡಿದೆನೆಂದೂ ಅವನು ಬರೆಯಿಸಿದ್ದಾನೆ. ಅಲ್ಲಿ ಬಳಸಿರುವುದೂ ಹೇರೆಮ್ ಎಂಬುದರ ಧಾತುವೇ. ಈ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಯೆರಿಕೋವಿನ ಮಾತನ್ನು ಶತ್ರುವಿನ ಬಾಯಿಂದ ಕೇಳಿದ ಹಾಗೆ ಅದನ್ನು ಕುರಿತು ಓದಿದಾಗ ನನಗಾಯಿತು.

ಗೆದ್ದವರ ಬರಹವು ಅತಿಶಯವಾದದ್ದೆಂಬುದು ನಮ್ಮ ನಾಡಿನ ಶಾಸನಗಳ ಪ್ರಶಸ್ತಿಭಾಗಗಳನ್ನು ಓದಿದವರಿಗೆ ಹೇಳಬೇಕಾದದ್ದಿಲ್ಲ. ಸುಮಾರು ಕ್ರಿ.ಪೂ. 1208ರಲ್ಲಿ ಐಗುಪ್ತದ ಮೆರ್ನೆಪ್ತಾ ಅರಸನು ಇಸ್ರಾಯೇಲಿನ ಬೀಜವೇ ಉಳಿಯಲಿಲ್ಲವೆಂದು ಕಲ್ಲಿನಲ್ಲಿ ಕೆತ್ತಿಸಿದನು, ಇಸ್ರಾಯೇಲು ಉಳಿಯಿತು. ಹಾಗೆಯೇ ಯೆಹೋಶುವನು ಉಸಿರಾಡುವ ಯಾರನ್ನೂ ಉಳಿಸಲಿಲ್ಲವೆಂದು ಅವನ ಪುಸ್ತಕ ಹೇಳಿದರೆ, ನ್ಯಾಯಸ್ಥಾಪಕರ ಮೊದಲನೆಯ ಅಧ್ಯಾಯವು ಕಾನಾನ್ಯರು ಯಾವ ಯಾವ ಊರುಗಳಲ್ಲಿ ಹಾಗೆಯೇ ವಾಸವಾಗಿದ್ದರೆಂದು ಪಟ್ಟಿಮಾಡುತ್ತದೆ. ಉತ್ಖನನವೂ ಇದಕ್ಕೆ ಸಾಕ್ಷಿ ಹೇಳುವಂತಿದೆ. 1952ರಿಂದ 1958ರ ವರೆಗೆ ಯೆರಿಕೋವಿನ ದಿಬ್ಬವನ್ನು ಅಗೆಯಿಸಿದ ಕ್ಯಾಥ್ಲೀನ್ ಕೆನ್ಯನ್ ಎಂಬ ಪಂಡಿತೆಯು ಅಲ್ಲಿನ ದೊಡ್ಡ ಕೋಟೆ ಸುಮಾರು ಕ್ರಿ.ಪೂ. 1550ರಲ್ಲೇ ಹಾಳಾಯಿತೆಂದೂ, ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಎಣಿಸುವ ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಗೋಡೆಯಿದ್ದ ಪಟ್ಟಣದ ಗುರುತು ಇಲ್ಲವೆಂದೂ ಕಂಡಳು. ಇದನ್ನು ಒಪ್ಪದೆ ವಾದಿಸುವವರೂ ಉಂಟು. ಹೇಗಿದ್ದರೂ, ಊರಿಗೆ ಊರೇ ಅಳಿಯಿತೆಂಬ ಮಾತನ್ನು ಪಂಚಾಯಿತಿಯ ಮರಣದ ದಾಖಲೆಯಂತೆ ಓದತಕ್ಕದ್ದಲ್ಲ.

ಇಷ್ಟು ಹೇಳಿ ನಾನು ನಿಟ್ಟುಸಿರು ಬಿಟ್ಟು ಪುಸ್ತಕವನ್ನು ಮುಚ್ಚಬಹುದಾಗಿತ್ತು. ಆದರೆ ಆಗದಿದ್ದರೂ ಆಜ್ಞೆಯು ಬರೆದಿದೆಯಷ್ಟೆ? ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯವನ್ನು ನೋಡಿರಿ. ಹೊಸ ಮನೆ ಕಟ್ಟಿದವನು, ದ್ರಾಕ್ಷೇತೋಟವನ್ನು ನೆಟ್ಟವನು, ಮದುವೆ ನಿಶ್ಚಯವಾದವನು, ಹೆದರುವವನು ಯುದ್ಧಕ್ಕೆ ಬಾರದೆ ಮನೆಗೆ ಹೋಗಬಹುದು. ಮುತ್ತಿಗೆಯ ಕಾಲದಲ್ಲಿ ಹಣ್ಣಿನ ಮರವನ್ನು ಕಡಿಯಬಾರದು. ಆ ಕಾಲದ ಅರಸರಲ್ಲಿ ಇಂಥ ನಿಯಮ ಅಪರೂಪ. ಮುಂದಿನ ಅಧ್ಯಾಯದಲ್ಲಿ, ಸೆರೆಸಿಕ್ಕ ಹೆಣ್ಣು ತನ್ನ ತಾಯಿತಂದೆಗಳಿಗಾಗಿ ಒಂದು ತಿಂಗಳು ಅತ್ತ ನಂತರವೇ ಅವಳನ್ನು ಮದುವೆಯಾಗಬಹುದೆಂದೂ, ಬೇಡವಾದರೆ ಬಿಡತಕ್ಕದ್ದೇ ಹೊರತು ಮಾರಕೂಡದೆಂದೂ ಇದೆ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಈ ಭಾಗವನ್ನು ಬಿಟ್ಟುಬಿಡುವುದು ವಾಡಿಕೆ. ಬಿಡಬಾರದೆಂದು ನನ್ನ ಮತ. ಅವಳ ಅಳುವಿಗೆ ಸ್ಥಳಕೊಟ್ಟಿತೆಂದು ಮೆಚ್ಚಬೇಕು, ಅವಳ ಸಮ್ಮತಿಯನ್ನು ಕೇಳಲಿಲ್ಲವೆಂಬುದನ್ನೂ ಹೇಳಬೇಕು. ಮರಕ್ಕೆ ತೋರಿದ ಕರುಣೆ ಕಾನಾನಿನ ಕೂಸಿಗೆ ದೊರೆಯಲಿಲ್ಲ. ಎರಡೂ ಒಂದೇ ಅಧ್ಯಾಯದಲ್ಲಿವೆ.

ಕಾನಾನ್ಯರ ಪಾಪವು ನಾನೂರು ವರುಷ ತಾಳ್ಮೆಯಿಂದ ಕಾದ ಮೇಲೆ ತುಂಬಿತೆಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದಕ್ಕೆ ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಆಧಾರವುಂಟು. ದೊಡ್ಡವರ ವಿಷಯದಲ್ಲಿ ಇದನ್ನು ಕೇಳಬಹುದು. ತೊಟ್ಟಿಲಿನಲ್ಲಿರುವುದರ ವಿಷಯದಲ್ಲಿ ನನ್ನ ನಾಲಿಗೆ ಏಳುವುದಿಲ್ಲ. ಮೇಲಾಗಿ, ಹದಿನೇಳನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ನೆಲೆಸಿದ ಕ್ರೈಸ್ತ ಬೋಧಕರು ಅಲ್ಲಿನ ಮೂಲನಿವಾಸಿಗಳನ್ನು ಅಮಾಲೇಕ್ಯರೆಂದು ಕರೆದು ಯುದ್ಧಕ್ಕೆ ಸಮರ್ಥನೆ ಕೊಟ್ಟರೆಂಬುದನ್ನು ತಿಳಿದ ಮೇಲೆ, ಈ ಉತ್ತರವನ್ನು ಸುಲಭವಾಗಿ ಮಕ್ಕಳ ಕೈಗೆ ಕೊಡಲು ಅಂಜುತ್ತೇನೆ.

ಹಾಗಾದರೆ ಎಲ್ಲಿ ಹುಡುಕಬೇಕು? ಸತ್ಯವೇದದೊಳಗೇ. ಸುಮಾರು ಕ್ರಿ.ಪೂ. 750ರಲ್ಲಿ ತೆಕೋವದ ಕುರಿಗಾರನಾದ ಆಮೋಸನು ದಮಸ್ಕ, ಅಮ್ಮೋನ್, ಮೋವಾಬ್ ಮುಂತಾದ ನೆರೆಯವರ ಯುದ್ಧದ ಕ್ರೌರ್ಯಗಳನ್ನು ಒಂದೊಂದಾಗಿ ಎತ್ತಿ ಹೇಳಿದನು. ಗರ್ಭಿಣಿಯರನ್ನು ಸೀಳಿದ ಅಮ್ಮೋನ್ಯರಿಗೆ ದಂಡನೆ. ಏದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣಮಾಡಿದ ಮೋವಾಬ್ಯರಿಗೂ ದಂಡನೆ. ಸತ್ತವನು ಇಸ್ರಾಯೇಲ್ಯನೂ ಅಲ್ಲ, ಕೊಂದವನೂ ಅಲ್ಲ, ಆದರೂ ದೇವರು ವಿಚಾರಿಸುತ್ತಾನೆ. ಕೇಳುವವರು ತಲೆದೂಗುತ್ತಿರುವಾಗಲೇ ಅದೇ ಬೆರಳು ಇಸ್ರಾಯೇಲಿನ ಕಡೆಗೆ ತಿರುಗುತ್ತದೆ: ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದವರು ನೀವೇ. ಇಜ್ರೇಲಿನಲ್ಲಿ ಯೇಹುವು ಹರಿಸಿದ ರಕ್ತವನ್ನು ಅರಸುಗಳ ಪುಸ್ತಕ ಹೊಗಳಿತು. ಹೋಶೇಯನು ಅದೇ ರಕ್ತಕ್ಕಾಗಿ ಯೇಹುವಿನ ಮನೆತನವು ಉತ್ತರಕೊಡಬೇಕೆಂದನು. ಎಲೀಷನು ತನ್ನನ್ನು ಹಿಡಿಯಬಂದ ಅರಾಮ್ಯರ ದಂಡನ್ನು ಸಮಾರ್ಯಕ್ಕೆ ಕರೆತಂದಾಗ, ಕೊಲ್ಲಲೇ ಎಂದು ಆತುರಪಟ್ಟ ಅರಸನನ್ನು ತಡೆದು ಅವರಿಗೆ ಊಟ ಹಾಕಿಸಿ ಕಳುಹಿಸಿದನು.

ಇನ್ನೊಂದು ಸಂಗತಿ. ಯೆಹೋಶುವನ ಪುಸ್ತಕವು ಈಗಿರುವ ರೂಪಕ್ಕೆ ಬಂದುದು ಕ್ರಿ.ಪೂ. ಏಳನೆಯ, ಆರನೆಯ ಶತಮಾನಗಳಲ್ಲಿ ಎಂದು ಅನೇಕ ಪಂಡಿತರ ಅಭಿಪ್ರಾಯ. ಹಾಗಾದರೆ ಅದನ್ನು ತಿದ್ದಿ ಜೋಡಿಸಿದವರಲ್ಲಿ ಕೆಲವರಾದರೂ ಕ್ರಿ.ಪೂ. 586ರ ಸುಮಾರಿನಲ್ಲಿ ಬಾಬೆಲಿನವರು ಯೆರೂಸಲೇಮನ್ನು ಸುಟ್ಟುದನ್ನು ಅನುಭವಿಸಿದವರಾಗಿರಬೇಕು. ಬೀದಿಗಳಲ್ಲಿ ಹಸಿವಿನಿಂದ ಮೂರ್ಛೆಹೋಗುವ ಕೂಸುಗಳನ್ನು ಕುರಿತು ಪ್ರಲಾಪಗಳ ಪುಸ್ತಕದಲ್ಲಿ ಬರೆದಿದೆ. ಯೆರಿಕೋವಿನ ಮಕ್ಕಳಿಗಾಗಿ ಅಳದಿದ್ದ ಜನಾಂಗವು ತನ್ನ ಮಕ್ಕಳಿಗಾಗಿ ಅತ್ತಿತು.

ಅವರ ಶತ್ರುಗಳಲ್ಲೆಲ್ಲಾ ಕ್ರೂರರು ಅಶ್ಶೂರ್ಯರು. ಕ್ರಿ.ಪೂ. 701ರಲ್ಲಿ ಲಾಕೀಷನ್ನು ಹಿಡಿದು ಸೆರೆಯವರನ್ನು ಹಿಂಸಿಸಿದುದನ್ನು ಅವರ ಅರಸನಾದ ಸನ್ಹೇರೀಬನು ನಿನೆವೆಯ ಅರಮನೆಯ ಗೋಡೆಯ ಮೇಲೆ ಹೆಮ್ಮೆಯಿಂದ ಕೆತ್ತಿಸಿದ್ದನು. ಆ ಚಪ್ಪಡಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಅಂಥ ನಿನೆವೆ ನಾಶವಾಗಲಿಲ್ಲವೆಂದು ಯೋನನು ಮುನಿಸಿಕೊಂಡು ಕುಳಿತಾಗ ದೇವರು ಅವನನ್ನು ಕೇಳುವ ಪ್ರಶ್ನೆಯಿಂದಲೇ ಆ ಪುಸ್ತಕ ಮುಗಿಯುತ್ತದೆ. ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಅಲ್ಲಿದ್ದಾರೆ, ಬಹಳ ದನಕರುಗಳೂ ಇವೆ. ತಾನು ಕನಿಕರಿಸಬಾರದೇ ಎಂಬುದು ಆ ಪ್ರಶ್ನೆಯ ಸಾರ. ಎಡಬಲ ತಿಳಿಯದವರೆಂದರೆ ಚಿಕ್ಕ ಮಕ್ಕಳೆಂದು ಹಲವರು ಅರ್ಥಮಾಡಿದ್ದಾರೆ. ನನ್ನ ವಿದ್ಯಾರ್ಥಿನಿಯು ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನಾನು ಅವಳನ್ನು ಕುಳ್ಳಿರಿಸಿದಾಗ ಯೋನನ ಪಕ್ಕದಲ್ಲಿ ನಿಂತಿದ್ದೆನೆಂದು ಈಗ ತಿಳಿಯಿತು.

ಈಗ ಒಂಬತ್ತನೆಯ ತರಗತಿಯಲ್ಲಿ ಯೆಹೋಶುವನ ಆರನೆಯ ಅಧ್ಯಾಯವನ್ನೂ ಯೋನನ ನಾಲ್ಕನೆಯ ಅಧ್ಯಾಯವನ್ನೂ ಒಂದೇ ವಾರದಲ್ಲಿ ಓದಿಸುತ್ತೇನೆ. ಗೋಡೆ ಬಿದ್ದ ಮೇಲಿನ ಮಾತನ್ನು ನಿಧಾನವಾಗಿ ಓದುತ್ತೇನೆ. ಓದಿ, ಯಾರಾದರೂ ಎದ್ದುನಿಲ್ಲುವರೋ ಎಂದು ಸ್ವಲ್ಪ ಕಾಯುತ್ತೇನೆ.