ಕೂಲಿಯ ಕರಾರನ್ನು ನಡುವೆ ಬದಲಾಯಿಸಬಹುದೇ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಕಿತ್ತು ಮುಗಿದರೆ ಹೊಲದಲ್ಲಿ ಕೆಲಸವಿರುವುದಿಲ್ಲ. ಅಲ್ಲಿಂದ ಗುಂಪು ಕಟ್ಟಿಕೊಂಡು ಕಾಫಿ ಕೊಯ್ಲಿಗೂ ಅಡಿಕೆ ಸುಲಿಯುವುದಕ್ಕೂ ಘಟ್ಟಕ್ಕೆ ಬರುವವರನ್ನು ನಂಬಿಯೇ ನಮ್ಮಲ್ಲಿ ಅನೇಕರ ಫಸಲು ಮನೆ ಸೇರುತ್ತದೆ. ಮಾತು ಮೇಸ್ತ್ರಿಯ ಮೂಲಕ ಅವರ ಊರಿನಲ್ಲೇ ಆಗುತ್ತದೆ: ದಿನಗೂಲಿ ಇಷ್ಟು, ಇರಲು ಲೈನು, ಸೌದೆ, ವಾರಕ್ಕೊಮ್ಮೆ ಸಂತೆ ರಜೆ. ಬಂದಿಳಿದ ಮೇಲೆ ಮಾಲೀಕರು "ದಿನಗೂಲಿ ಇಲ್ಲ, ಕಿಲೋ ಲೆಕ್ಕ" ಎಂದರೆ ಗತಿಯೇನು?

ಕಿಲೋ ಲೆಕ್ಕ ತಪ್ಪೆಂದು ನಾವು ಹೇಳುವುದಿಲ್ಲ. ಗಿಡ ತುಂಬಿ ಹಣ್ಣಾದಾಗ ಇಬ್ಬರಿಗೂ ಅನುಕೂಲವೇ. ಆದರೆ ಮೊದಲ ಸುತ್ತಿನಲ್ಲಿ, ಅಲ್ಲೊಂದು ಇಲ್ಲೊಂದು ಹಣ್ಣು ಆರಿಸುವಾಗ, ಸಂಜೆಯಾದರೂ ಬುಟ್ಟಿ ತುಂಬದು. ಅಂದರೆ ಫಸಲಿನ ನಷ್ಟವನ್ನು ಕೂಲಿಯವರ ತಲೆಗೆ ಕಟ್ಟಿದಂತಾಯಿತು.

1872ರ ಕರಾರು ಕಾಯಿದೆಯಂತೆ, ಇಬ್ಬರು ಒಪ್ಪಿ ಮಾಡಿದ್ದನ್ನು ಇಬ್ಬರೂ ಒಪ್ಪಿಯೇ ಬದಲಾಯಿಸತಕ್ಕದ್ದು. ಇದಲ್ಲದೆ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9ಎ ಕಲಮು 21 ದಿನಗಳ ಮುಂಚಿತ ನೋಟೀಸನ್ನು ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ 40ನೆಯ ಕಲಮೂ ಅದನ್ನೇ ಹೇಳುತ್ತದೆ. ಕೂಲಿ, ಅದನ್ನು ಕೊಡುವ ರೀತಿ, ಕೆಲಸದ ವೇಳೆ, ರಜೆ, ರೂಢಿಯಿಂದ ಬಂದ ಸವಲತ್ತು ಎಲ್ಲವೂ ಇದರಲ್ಲಿ ಸೇರಿವೆ. ಸೌದೆ ನಿಲ್ಲಿಸುವುದೂ ಬದಲಾವಣೆಯೇ ಎಂದಾಯಿತು! ಟಾಟಾ ಉಕ್ಕಿನ ಕಂಪನಿಯು ಭಾನುವಾರದ ವಾರದ ರಜೆಯನ್ನು ನೋಟೀಸಿಲ್ಲದೆ ಬೇರೆ ದಿನಕ್ಕೆ ಹಾಕಿದ್ದು ಸಲ್ಲದೆಂದು ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪಿತ್ತಿತು. ಕೈಗಾರಿಕೆಯೆಂದರೆ ಕಾರ್ಖಾನೆ, ನಮಗೇಕೆ ಎನ್ನುವವರಿದ್ದಾರೆ. ತೋಟಗಳನ್ನು ಹೊರಗಿಟ್ಟಿದ್ದೇವೆಂದು ಸಂಹಿತೆ ಎಲ್ಲಿಯೂ ಹೇಳಿಲ್ಲ.

ಹಣ್ಣು 21 ದಿನ ಕಾಯುವುದಿಲ್ಲ ನಿಜ. ಎರಡೂ ಕಡೆಯವರು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿ, ಕಾರ್ಮಿಕ ಇಲಾಖೆಯ ಅಧಿಕಾರಿಗೆ ಪ್ರತಿ ಕಳಿಸಿದ ಒಡಂಬಡಿಕೆಯಿದ್ದರೆ ನೋಟೀಸು ಬೇಕಿಲ್ಲ. ಆದರೆ ಕನಿಷ್ಠ ಕೂಲಿಗಿಂತ ಕಡಮೆಗೆ ಅವರು ಒಪ್ಪಿದರೂ ಆ ಒಪ್ಪಿಗೆ ನಿಲ್ಲದು.

ಹೊಸ ಕರಾರು ಬೇಡವೆಂದು ಗುಂಪು ಹೊರಟು ನಿಂತರೆ, ಮುಂಗಡ ತೀರಿಸದೆ ಹೋಗಕೂಡದೆಂದು ಅವರ ಗಂಟುಮೂಟೆ ಹಿಡಿದಿಡುವುದು ಅಲ್ಲಲ್ಲಿ ಉಂಟು. ಸಾಲಕ್ಕಾಗಿ ಆಳನ್ನು ತಡೆದು ದುಡಿಸುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಮೇಸ್ತ್ರಿ ಮಾಡಿದ್ದೆಂದು ಮಾಲೀಕರು ಜಾರಿಕೊಳ್ಳುವುದು ಸುಲಭವಲ್ಲ.

ಮುಂಗಡ ಕೊಡುವ ದಿನವೇ ಕರಾರನ್ನು ಕಾಗದದಲ್ಲಿ ಬರೆಯಿಸಿ. ಮೊದಲ ಸುತ್ತಿಗೆ ದಿನಗೂಲಿಯೋ ಕಿಲೋ ಲೆಕ್ಕವೋ, ಮಳೆ ಬಂದು ಕೆಲಸ ನಿಂತ ದಿನಕ್ಕೆ ಏನು, ಬಸ್ಸಿನ ಖರ್ಚು ಯಾರದು ಎಂಬುದಿರಲಿ. ಮೇಸ್ತ್ರಿಗೆ ಮಾತ್ರವಲ್ಲ, ಗುಂಪಿಗೆಲ್ಲ ಓದಿ ಹೇಳಿ ಒಂದು ಪ್ರತಿಯನ್ನು ಅವರ ಕೈಯಲ್ಲೇ ಕೊಡಿ.