ಮುಡಿಪು ಗುಡ್ಡದ ಪಾಠ

ರಜಾಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಮುಡಿಪು ಗುಡ್ಡವನ್ನು ಸಂದರ್ಶಿಸುವ ತಾಯಿತಂದೆಗಳಿಗೂ ನಮ್ಮ ಹಳೆ ವಿದ್ಯಾರ್ಥಿನಿಯರಿಗೂ ಪ್ರಯೋಜನವಾಗಲೆಂದು ಅಲ್ಲಿಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿರುತ್ತೇವೆ.

ಮಂಗಳೂರಿನಿಂದ ಕೊಣಾಜೆಯ ಮಾರ್ಗವಾಗಿ ಸುಮಾರು 20 ಕಿಲೋಮೀಟರ್ ಹೋದರೆ ಮುಡಿಪು ಸಿಕ್ಕುವುದು. ಅಲ್ಲಿಯ ಗುಡ್ಡದ ಮೇಲೆ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವಿದೆ. ಇವರು 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಜನಿಸಿದರು. 1681ರಲ್ಲಿ ಕೆನರಾ ಸೀಮೆಗೆ ಬಂದು 1684ರ ವರೆಗೆ ಇಲ್ಲಿ ಸೇವೆಗೈದರು. ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಊರವರ ದ್ರವ್ಯಸಹಾಯದಿಂದ ಚಿಕ್ಕ ಪಾಠಶಾಲೆಗಳನ್ನೂ ಸ್ಥಾಪಿಸಿದರು. ಇದು ಚರಿತ್ರೆ.

ಐತಿಹ್ಯವು ಹೀಗಿದೆ: ಇವರಿಗೆ ಹಗೆಗಳಾದ ಕೆಲವರು ಒಂದು ರಾತ್ರಿ, ಗುಡ್ಡದ ಮೇಲೆ ರೋಗಿಯೊಬ್ಬನು ಮರಣಾವಸ್ಥೆಯಲ್ಲಿರುವನೆಂದು ಸುಳ್ಳು ಹೇಳಿ ಕರೆದೊಯ್ದರು. ಅಲ್ಲಿ ಅವರು ಕೈಮಾಡಲು ಬರಲಾಗಿ, ಸಂತರು ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದರು. ಒಡನೆ ಬೆಳಕು ಮೂಡಿತು. ಮೊಣಕಾಲೂ ಬಿದಿರುಕೋಲೂ ತಗಲಿದಲ್ಲಿ ಮೂರು ಒರತೆಗಳು ಹೊರಟವು.

"ನೀರು ನಿಜವಾಗಿ ಹಾಗೆಯೇ ಹುಟ್ಟಿತೇ, ಅಮ್ಮಾ?" ಎಂದು ಮಕ್ಕಳು ಕೇಳದೆ ಇರರು. ಆಗ ಗದರಿಸಲೂ ಬಾರದು, ನಗಲೂ ಬಾರದು. ಗದರಿಸಿದರೆ ವಿಚಾರಶಕ್ತಿಯು ಕುಂದುವುದು. ನಕ್ಕರೆ ಭಕ್ತಿಯು ಕುಂದುವುದು. ಯಾವುದು ಚರಿತ್ರೆ, ಯಾವುದು ಜನರು ಭಕ್ತಿಯಿಂದ ಹೇಳಿಕೊಂಡು ಬಂದುದು ಎಂಬುದನ್ನು ಬೇರ್ಪಡಿಸಿ ತಿಳಿಸಬೇಕು. ಸತ್ಯವನ್ನು ಕೇಳಿ ಬೆಳೆದ ಹುಡುಗಿಯು ದೊಡ್ಡವಳಾದ ಮೇಲೆ ಎರಡನ್ನೂ ಒಟ್ಟಿಗೆ ಬಿಟ್ಟುಬಿಡುವ ಪ್ರಸಂಗ ಬಾರದು.

ಮತ್ತೊಂದನ್ನೂ ಅವಳಿಗೆ ತೋರಿಸಿರಿ. ಈ ಕಥೆಯಲ್ಲಿ ಒರತೆಗಿಂತ ಮೊದಲು ನಡೆದದ್ದೇನು? ರೋಗಿಯಿರುವನೆಂದು ಕೇಳಿದ ಮಾತ್ರಕ್ಕೆ ಒಬ್ಬರು ಕತ್ತಲೆಯಲ್ಲಿ ಎದ್ದು ಹೊರಟರು. ಇಂಥ ಗುಣಕ್ಕೆ ಚರಿತ್ರೆಯ ಸಾಕ್ಷಿಯೇ ಉಂಟು. 1687ರಲ್ಲಿ ಇವರು ಸಿಂಹಳದ್ವೀಪವನ್ನು ಸೇರಿದರು. ಡಚ್ಚರ ಭಯದಿಂದ ಭಿಕ್ಷುಕನ ವೇಷದಲ್ಲಿ ಸಂಚರಿಸಿದರು. ಕ್ಯಾಂಡಿಯಲ್ಲಿ ಪೋರ್ತುಗೀಜರ ಗೂಢಚಾರನೆಂಬ ಸಂಶಯದಿಂದ ಸೆರೆಯನ್ನೂ ಅನುಭವಿಸಿದರು. ಅದೇ ಪಟ್ಟಣದಲ್ಲಿ 1697ರಲ್ಲಿ ಸಿಡುಬು ಹಬ್ಬಿ, ಅರಸನೂ ಶ್ರೀಮಂತರೂ ಊರುಬಿಟ್ಟು ಹೋದಾಗ, ಇವರೂ ಇವರ ಸೋದರಳಿಯನಾದ ಪಾದ್ರಿಯೂ ಅಲ್ಲಿಯೇ ನಿಂತು, ಕೈಬಿಡಲ್ಪಟ್ಟ ರೋಗಿಗಳನ್ನು ಮತಭೇದವಿಲ್ಲದೆ ಶುಶ್ರೂಷೆಮಾಡಿದರು, ಸತ್ತವರನ್ನು ಹೂಳಿದರು. 1711ರಲ್ಲಿ ಕ್ಯಾಂಡಿಯಲ್ಲಿಯೇ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಇವರನ್ನು ಸಂತರೆಂದು ಸಾರಿದರು.

ಆದುದರಿಂದ ಗುಡ್ಡವನ್ನು ಹತ್ತಿದವರು ಸ್ವಲ್ಪ ಹೊತ್ತು ಮೌನವಾಗಿ ಕುಳಿತಿರಲಿ. ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇದ್ದಾರೆ. ಉಳಿದವರಿಗೂ ಮನೆಯಲ್ಲಿ ಮುದುಕರು, ನೆರೆಯಲ್ಲಿ ರೋಗಿಗಳು ಇದ್ದೇ ಇರುವರು. ಗುಡ್ಡವನ್ನು ಇಳಿದು ಬಂದ ಮೇಲೆ ಅವರ ಕರೆಗೆ ಬೇಗನೆ ಏಳುವ ಮನಸ್ಸು ಬಂದರೆ, ಆ ಯಾತ್ರೆಯು ಸಾರ್ಥಕವೆಂದು ನಾವು ತಿಳಿಯುವೆವು.