ದೊಡ್ಡವರಿಗೂ ಆಟ ಬೇಕು

“ಮಗುವಿನಂಥ ಮನಸ್ಸು” ಎಂದು ಯಾರನ್ನಾದರೂ ಕುರಿತು ಹೇಳಿದರೆ ಅದು ಹೊಗಳಿಕೆ. “ಮಕ್ಕಳಾಟ” ಎಂದರೆ ಅದು ತೆಗಳಿಕೆ. ಮಗುವಿನ ಮನಸ್ಸನ್ನು ಮೆಚ್ಚುವ ನಮ್ಮ ಸಮಾಜವು, ಅದೇ ಮನಸ್ಸು ದೊಡ್ಡವರಲ್ಲಿ ಆಟದ ರೂಪದಿಂದ ಹೊರಬಂದಾಗ ಮಾತ್ರ ಹುಬ್ಬು ಗಂಟಿಕ್ಕುತ್ತದೆ. ಐವತ್ತು ತುಂಬಿದ ಗೃಹಸ್ಥರೊಬ್ಬರು ಮಾಳಿಗೆಯೇರಿ ಗಾಳಿಪಟದ ದಾರ ಹಿಡಿದರೆ ಸಾಕು, “ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯು ಹತ್ತು ವರ್ಷ ಮೊದಲೇ ನೆರೆಹೊರೆಯವರ ನಾಲಗೆಗೆ ಬಂದುಬಿಡುತ್ತದೆ. ಆದರೆ ಆಟವು ಮಕ್ಕಳಿಗೆ ಮಾತ್ರ ಮೀಸಲಾದುದಲ್ಲ. ದೊಡ್ಡವರ ದೇಹ ಮನಸ್ಸುಗಳ ಸ್ವಾಸ್ಥ್ಯಕ್ಕೂ ಅದು ಅವಶ್ಯ. ಊರು ಬಿಟ್ಟು ಮಹಾನಗರ ಸೇರಿದ ನಮ್ಮಂಥವರಿಗೆ ಈ ವಿಚಾರವು ಇನ್ನಷ್ಟು ಹತ್ತಿರದ್ದಾಗಿದೆ.

ಒಬ್ಬ ಹಿರಿಯರ ಕಥೆ

ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಅರವತ್ತೆರಡು ವರ್ಷದ ಹಿರಿಯರೊಬ್ಬರು ಬಂದರು. ಉಡುಪಿ ಕಡೆಯವರು. ಬಾಲ್ಯದಲ್ಲೇ ಈ ನಗರಕ್ಕೆ ಬಂದು, ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ರಾತ್ರಿಶಾಲೆಯಲ್ಲಿ ಓದಿ, ಕಾಲಕ್ರಮದಲ್ಲಿ ಸ್ವಂತ ಹೋಟೆಲು ನಡೆಸಿದವರು. ಆಗಷ್ಟೇ ವ್ಯವಹಾರವನ್ನು ಮಗನ ಕೈಗೆ ಒಪ್ಪಿಸಿದ್ದರು. ನಸುಕಿನ ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ರೆ ಹತ್ತುವುದಿಲ್ಲ, ಹಗಲು ಕಳೆಯುವುದೇ ಇಲ್ಲ ಎಂಬುದು ಅವರ ದೂರು. ರಕ್ತ ಪರೀಕ್ಷೆ, ಹೃದಯದ ಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ಮನೋವೈದ್ಯರೊಬ್ಬರಿಗೂ ತೋರಿಸಿದ್ದಾಯಿತು, ಖಿನ್ನತೆಯ ರೋಗವಿಲ್ಲವೆಂದು ಅವರು ಅಭಿಪ್ರಾಯಪಟ್ಟರು.

ಮಾತಿನ ನಡುವೆ, “ಚಿಕ್ಕಂದಿನಲ್ಲಿ ಏನು ಆಡುತ್ತಿದ್ದಿರಿ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಆಟವೆ? ಹನ್ನೊಂದನೆಯ ವರ್ಷಕ್ಕೆ ಬೊಂಬಾಯಿಗೆ ಬಂದವನು ನಾನು, ಡಾಕ್ಟ್ರೇ. ಅಲ್ಲಿಗೆ ಆಟ ಮುಗಿಯಿತು. ಅದಕ್ಕೆ ಮೊದಲು ಆಟಿ ತಿಂಗಳ ಮಳೆಯಲ್ಲಿ ಅಮ್ಮನ ಜೊತೆ ಚೆನ್ನೆ ಆಡುತ್ತಿದ್ದೆ. ಆ ಮಣೆ ಈಗ ಎಲ್ಲಿದೆಯೋ” ಎಂದರು.

ಹೀಗೆ ಹತ್ತು ಹನ್ನೆರಡನೆಯ ವಯಸ್ಸಿಗೇ ದೊಡ್ಡವರಾಗಿಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ! ಹೆಂಗಸರ ಪಾಡೂ ಬೇರೆಯಲ್ಲ. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬೆಳೆದ ಹಿರಿಯ ಮಗಳು, ಮದುವೆಯಾಗಿ ಚಾಳಿನ ಒಂದು ಕೋಣೆಯ ಸಂಸಾರಕ್ಕೆ ಬಂದವಳು, ತನಗಾಗಿ ಆಡಿದ್ದು ಯಾವಾಗ? ದುಡಿಮೆಯಿಂದ ಇವರೆಲ್ಲ ಗೆದ್ದರು, ಮಕ್ಕಳನ್ನು ಓದಿಸಿದರು. ಆದರೆ ದುಡಿಮೆ ನಿಂತ ದಿನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದಾಯಿತು.

ಮನಸ್ಸಿನ ಮೂರು ದನಿಗಳು

ಕೆನಡಾದಲ್ಲಿ ಜನಿಸಿ ಅಮೆರಿಕದಲ್ಲಿ ವೃತ್ತಿ ನಡೆಸಿದ ಮನೋವೈದ್ಯ ಎರಿಕ್ ಬರ್ನ್ (1910–1970) 1964ರಲ್ಲಿ ಪ್ರಕಟಿಸಿದ ‘ಗೇಮ್ಸ್ ಪೀಪಲ್ ಪ್ಲೇ’ ಎಂಬ ಗ್ರಂಥವು ಲೋಕಪ್ರಸಿದ್ಧವಾಯಿತು. ಅವರ ಸಿದ್ಧಾಂತದ ಪ್ರಕಾರ ಪ್ರತಿಯೊಬ್ಬರ ವ್ಯಕ್ತಿತ್ವದಲ್ಲೂ ಮೂರು ಸ್ಥಿತಿಗಳಿವೆ. ತಂದೆತಾಯಿಗಳಿಂದ ಕಲಿತ ವಿಧಿನಿಷೇಧಗಳನ್ನು ನುಡಿಯುವ ‘ಪೋಷಕ’ ಮೊದಲನೆಯದು. ಲೆಕ್ಕಹಾಕಿ ನಿರ್ಧರಿಸುವ ‘ಪ್ರೌಢ’ ಎರಡನೆಯದು. ನಾವು ಹಿಂದೆ ಆಗಿದ್ದ ‘ಮಗು’ ಮೂರನೆಯದು.

ಉದಾಹರಣೆಗೆ, ಸಂಜೆ ಕಚೇರಿಯಿಂದ ಹೊರಬರುವಾಗ ಜೋರಾಗಿ ಮಳೆ ಬಂತೆನ್ನಿ. “ನೆನೆಯಬೇಡ, ಶೀತವಾದೀತು” ಎನ್ನುವುದು ಪೋಷಕನ ದನಿ. “ಈ ಲೋಕಲ್ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ?” ಎಂದು ಗಡಿಯಾರ ನೋಡುವುದು ಪ್ರೌಢ. “ಸೂರಿನಿಂದ ಬೀಳುವ ನೀರಿಗೆ ಒಮ್ಮೆ ಅಂಗೈ ಒಡ್ಡೋಣ” ಎನ್ನುವುದು ಮಗು. ಆರೋಗ್ಯವಂತ ಮನಸ್ಸಿನಲ್ಲಿ ಈ ಮೂವರಿಗೂ ಸ್ಥಾನವಿರಬೇಕು. ಇವುಗಳಲ್ಲಿ ಮಗುವೇ ಅನೇಕ ವಿಧದಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ಬರ್ನ್ ಅವರ ಅಭಿಪ್ರಾಯ. ಸಹಜ ಸ್ಫೂರ್ತಿ, ಸೃಷ್ಟಿಶಕ್ತಿ, ಸಂತೋಷ ಇವೆಲ್ಲ ಅದರ ಪಾಲಿನವು.

ಈ ಮಗುವಿಗೂ ಎರಡು ಮುಖಗಳುಂಟು. ಒಂದು, ಯಾರ ಹಂಗೂ ಇಲ್ಲದೆ ನಗುವ, ಅಳುವ, ಕುತೂಹಲಪಡುವ ಸ್ವಚ್ಛಂದ ಮಗು. ಇನ್ನೊಂದು, ದೊಡ್ಡವರ ಕಣ್ಣಿಗೆ ಹೆದರಿ ಹೇಳಿದಂತೆ ನಡೆಯುವ ವಿಧೇಯ ಮಗು. ನಮ್ಮ ಹಿರಿಯರು ನಸುಕಿನ ನಾಲ್ಕಕ್ಕೆ ಏಳುತ್ತಿದ್ದುದು ಏಕೆಂದು ಆಗ ನನಗೆ ಹೊಳೆಯಿತು. ಐವತ್ತು ವರ್ಷಗಳ ಹಿಂದೆ ಒಲೆ ಹೊತ್ತಿಸಲು ಎದ್ದ ಹುಡುಗ ಇನ್ನೂ ಅದೇ ಹೊತ್ತಿಗೆ ಏಳುತ್ತಿದ್ದ. ಅವರೊಳಗಿನ ಮಗು ಸತ್ತಿರಲಿಲ್ಲ. ವಿಧೇಯವಾದದ್ದು ಮಾತ್ರ ಉಳಿದು, ಸ್ವಚ್ಛಂದವಾದದ್ದು ಮೂಲೆ ಸೇರಿತ್ತು.

ಆಟದ ಬೇರು

ಆಟವು ಮಾನವನು ನಾಗರಿಕನಾದ ಮೇಲೆ ಕಲಿತ ವಿನೋದವಲ್ಲ. ಅದರ ಬೇರು ಮಿದುಳಿನ ಪುರಾತನ ಭಾಗಗಳಲ್ಲಿದೆ. ಯಾಕ್ ಪಾಂಕ್ಸೆಪ್ ಎಂಬ ನರವಿಜ್ಞಾನಿ ಇಲಿಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಮಿದುಳಿನ ಹೊರಪದರವನ್ನು ತೆಗೆದುಹಾಕಿದ ಇಲಿಮರಿಗಳೂ ಒಂದರ ಮೇಲೊಂದು ಬಿದ್ದು ಆಡುವುದನ್ನು ಬಿಡಲಿಲ್ಲ. ಆಡುವಾಗಲೂ ಕಚಗುಳಿಯಿಟ್ಟಾಗಲೂ ಅವು ಸುಮಾರು 50 ಕಿಲೋಹರ್ಟ್ಸ್ ಕಂಪನದ ಒಂದು ಧ್ವನಿ ಹೊರಡಿಸುತ್ತವೆಂದು 1990ರ ದಶಕದ ಕೊನೆಯಲ್ಲಿ ಅವರು ತೋರಿಸಿಕೊಟ್ಟರು. ಮನುಷ್ಯನ ಕಿವಿ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ ಮಾತ್ರ. ಆದ್ದರಿಂದ ಇಲಿಗಳ ಈ ನಗು ಯಂತ್ರದ ಸಹಾಯವಿಲ್ಲದೆ ನಮಗೆ ಕೇಳಿಸದು.

2019ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಇಲಿಗಳಿಗೆ ಕಣ್ಣಾಮುಚ್ಚಾಲೆಯನ್ನೇ ಕಲಿಸಿದರು. ಬಹುಮಾನವಾಗಿ ಆಹಾರ ಕೊಡಲಿಲ್ಲ. ಕಚಗುಳಿಯಿಟ್ಟರು, ಜೊತೆಯಲ್ಲಿ ಆಡಿದರು, ಅಷ್ಟೇ. ಬೇಗನೆ ಕಲಿತ ಇಲಿಗಳು ಆಟದ ನಡುವೆ ಸಂತೋಷದಿಂದ ಕುಪ್ಪಳಿಸುತ್ತಿದ್ದವಂತೆ. ಪ್ರತಿಫಲವಿಲ್ಲದೆ ಆಡುವ ಬಯಕೆ ಇಷ್ಟು ಆಳದಲ್ಲಿರುವಾಗ, ಹುದ್ದೆ ದೊರೆತ ಮಾತ್ರಕ್ಕೆ, ಮದುವೆಯಾದ ಮಾತ್ರಕ್ಕೆ ಅದು ನಮ್ಮಲ್ಲಿ ಅಳಿದುಹೋಗುವುದೆ?

ಯಾವುದು ಆಟ, ಯಾವುದು ಅಲ್ಲ

ಡಚ್ ಇತಿಹಾಸಕಾರ ಯೋಹಾನ್ ಹೊಯ್ಸಿಂಗಾ 1938ರ ‘ಹೋಮೋ ಲುಡೆನ್ಸ್’ ಎಂಬ ಗ್ರಂಥದಲ್ಲಿ ಆಟದ ಲಕ್ಷಣಗಳನ್ನು ವಿವೇಚಿಸಿದ್ದಾರೆ. ಆಟವು ಸ್ವಇಚ್ಛೆಯಿಂದ ನಡೆಯುವಂಥದು. ಅದರಿಂದ ಲೌಕಿಕ ಲಾಭವಿಲ್ಲ. ಅದಕ್ಕೆ ತನ್ನದೇ ಆದ ಕಾಲ, ಸ್ಥಳ, ನಿಯಮಗಳಿವೆ. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ನಾವು ವಿರಾಮವೆಂದು ಕರೆಯುವ ಅನೇಕ ಸಂಗತಿಗಳು ಆಟವೇ ಅಲ್ಲ. ಹಣ ಕಟ್ಟಿ ಆಡುವ ಇಸ್ಪೀಟು ಲಾಭದ ಚಿಂತೆ. ವೈದ್ಯರು ಹೇಳಿದರೆಂದು ಹೆಜ್ಜೆ ಎಣಿಸುತ್ತ ನಡೆಯುವುದು ಒಳ್ಳೆಯ ಔಷಧವೇ ಸರಿ, ಆದರೆ ಆಟವಲ್ಲ. ಮೊಬೈಲಿನ ತೆರೆಯ ಮೇಲೆ ಗಂಟೆಗಟ್ಟಲೆ ಬೆರಳಾಡಿಸುವಾಗ ಬೆರಳು ಮಾತ್ರ ಆಡುತ್ತದೆ, ಮನಸ್ಸು ಕೇವಲ ನೋಡುತ್ತಿರುತ್ತದೆ.

ಆಂಗ್ಲ ಶಿಶುವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ಇನ್ನೂ ಮುಂದೆ ಹೋದರು. ಮಗುವಾಗಲಿ ದೊಡ್ಡವರಾಗಲಿ, ಆಡುವಾಗ ಮಾತ್ರ ಸೃಷ್ಟಿಶೀಲರಾಗಿರಬಲ್ಲರು. ಹಾಗೆ ಸೃಷ್ಟಿಶೀಲರಾದಾಗಲೇ ತಮ್ಮನ್ನು ತಾವು ಕಂಡುಕೊಳ್ಳುವರು ಎಂಬುದು 1971ರಲ್ಲಿ ಪ್ರಕಟವಾದ ಅವರ ‘ಪ್ಲೇಯಿಂಗ್ ಅಂಡ್ ರಿಯಾಲಿಟಿ’ ಗ್ರಂಥದ ಸಾರಾಂಶಗಳಲ್ಲೊಂದು.

ಊರಿನ ನೆನಪು ಆಟವಾಗದು

ಹೊರನಾಡಿನ ಕನ್ನಡಿಗರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಬಾಲ್ಯವು ಊರಿನಲ್ಲಿದೆ ಎಂದು ನಾವು ನಂಬಿದ್ದೇವೆ. ಕರಾವಳಿಯವರಿಗೆ ಚೆನ್ನೆಮಣೆ, ಮೈಸೂರು ಕಡೆಯವರಿಗೆ ಅಳಗುಳಿಮಣೆ, ಚೌಕಾಬಾರ, ಕುಂಟೆಬಿಲ್ಲೆ, ಲಗೋರಿ, ಬುಗುರಿ ಇವುಗಳ ಹೆಸರೆತ್ತಿದರೆ ಸಾಕು, ಸಂಘದ ಸಭೆಗಳಲ್ಲಿ ಮಾತಿಗೆ ಕೊನೆಯೇ ಇರುವುದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಆ ಬಾಲ್ಯವನ್ನು ಹುಡುಕುತ್ತೇವೆ. ಗದ್ದೆಯಿದ್ದಲ್ಲಿ ಕಟ್ಟಡವೆದ್ದಿರುತ್ತದೆ, ಏರಿದ ಮರ ಉರುಳಿರುತ್ತದೆ, ನಿಟ್ಟುಸಿರಿಟ್ಟು ಮರಳುತ್ತೇವೆ.

ನೆನಪು ಸಿಹಿಯಾದುದೇ. ಆದರೆ ಬುಗುರಿಯ ನೆನಪಿನಿಂದ ಬುಗುರಿ ತಿರುಗದು. ಆಡುತ್ತಿದ್ದ ಮಗುವನ್ನು ನಾವು ಊರಿನಲ್ಲಿ ಬಿಟ್ಟುಬಂದಿಲ್ಲ. ಬಸ್ಸನ್ನೋ ರೈಲನ್ನೋ ಹತ್ತಿ ಅದು ನಮ್ಮೊಂದಿಗೇ ಬಂದಿದೆ. ಇಷ್ಟು ವರ್ಷ ಅದಕ್ಕೆ ಬಿಡುವು ಕೊಡದೆ ಇದ್ದವರು ನಾವು.

ಈ ಮಾತಿಗೆ ನಮ್ಮವರದೇ ಒಂದು ನಿದರ್ಶನವಿದೆ. ಕೋಟದ ಡಾ. ಶಿವರಾಮ ಕಾರಂತರು (1902–1997) ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟರು. ಕಾದಂಬರಿ, ನಾಟಕ, ಯಕ್ಷಗಾನ, ಚಿತ್ರಕಲೆ, ವಿಜ್ಞಾನ, ಮಕ್ಕಳ ಶಿಕ್ಷಣ ಹೀಗೆ ಒಂದರಿಂದೊಂದಕ್ಕೆ ಹಾರಿದ ಆ ಮನಸ್ಸು ಕೊನೆಯವರೆಗೂ ಮುದಿಯಾಗಲಿಲ್ಲ. ಪುತ್ತೂರಿನ ಬಾಲವನ ಅದಕ್ಕೆ ಸಾಕ್ಷಿ. ದೀರ್ಘಕಾಲದ ದುಡಿಮೆಗೂ ಈ ‘ಹುಚ್ಚಿ’ಗೂ ಯಾವ ವಿರೋಧವೂ ಇಲ್ಲವೆಂಬುದನ್ನು ಅವರ ಜೀವನವೇ ತೋರಿಸಿಕೊಟ್ಟಿದೆ.

ಆರೋಗ್ಯಕ್ಕೆ ಪ್ರಯೋಜನ

ನ್ಯೂಯಾರ್ಕಿನಲ್ಲಿ 75 ವರ್ಷ ಮೀರಿದ 469 ಮಂದಿಯನ್ನು ಸರಾಸರಿ ಐದು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವುದು, ಮಣೆಯ ಆಟಗಳನ್ನಾಡುವುದು, ವಾದ್ಯ ನುಡಿಸುವುದು, ನರ್ತಿಸುವುದು ಇವುಗಳಲ್ಲಿ ತೊಡಗಿದ್ದವರಲ್ಲಿ ಮರೆವಿನ ರೋಗ ಕಡಿಮೆ ಕಂಡುಬಂತು. ಆಟವೇ ರೋಗವನ್ನು ತಡೆಯಿತೆಂದು ಇದರಿಂದ ಖಚಿತವಾಗಿ ಹೇಳಲಾಗದು. ಮಿದುಳು ಚುರುಕಾಗಿದ್ದವರೇ ಹೆಚ್ಚು ಆಡಿರಲೂಬಹುದು. ಆದರೂ ಆಡುವುದರಿಂದ ಕೆಡುಕಿಲ್ಲ, ಒಳಿತಾಗುವ ಸಂಭವವುಂಟು ಎಂಬಷ್ಟು ಭರವಸೆ ಇದರಿಂದ ದೊರೆಯುತ್ತದೆ.

ನಮ್ಮ ಮುಂಬಯಿಯಲ್ಲೇ 1995ರಲ್ಲಿ ಡಾ. ಮದನ್ ಕಟಾರಿಯಾ ಅವರು ಉದ್ಯಾನವೊಂದರಲ್ಲಿ ಐದು ಮಂದಿಯೊಡನೆ ನಗೆಕೂಟವನ್ನು ಆರಂಭಿಸಿದರು. ಕೆಲವೇ ದಿನಗಳಲ್ಲಿ ಹೇಳಲು ನಗೆಹನಿಗಳೇ ಮುಗಿದುಹೋದವು. ಆಗ ಅವರು, ಕಾರಣವಿಲ್ಲದೆ ನಗುವುದನ್ನೇ ಒಂದು ಕ್ರಮವನ್ನಾಗಿ ಮಾಡಿದರು. ಮಕ್ಕಳು ನಗುವುದಕ್ಕೆ ಕಾರಣ ಹುಡುಕುವುದಿಲ್ಲ ಎಂಬುದನ್ನು ದೊಡ್ಡವರು ಹೊಸದಾಗಿ ಕಲಿಯಬೇಕಾಯಿತು.

ಅನುಸರಿಸಬೇಕಾದ ಕ್ರಮ

1. ದಿನಕ್ಕೆ ಹದಿನೈದು ನಿಮಿಷವನ್ನಾದರೂ ಲಾಭವಿಲ್ಲದ ಕೆಲಸಕ್ಕೆ ಮೀಸಲಿಡಿ. ಚಿತ್ರ ಬರೆಯಿರಿ, ಹಾಡಿಕೊಳ್ಳಿ, ಕಾಗದದ ದೋಣಿ ಮಾಡಿ. ಚೆನ್ನಾಗಿ ಬರಲೇಬೇಕೆಂಬ ಹಟ ಬೇಡ.

2. ಹನ್ನೊಂದು ವರ್ಷದವರಿದ್ದಾಗ ನಿಮಗೆ ಪ್ರಿಯವಾಗಿದ್ದ ಒಂದು ಆಟವನ್ನು ನೆನೆದು, ಮನೆಯ ಮಕ್ಕಳಿಗೆ ಕಲಿಸಿ. ಅವರು ನಿಮ್ಮನ್ನು ಸೋಲಿಸಿದರೆ ಒಪ್ಪಿಕೊಳ್ಳಿ. ಕನ್ನಡ ಮಾತನಾಡಲು ಹಿಂಜರಿಯುವ ಮೊಮ್ಮಕ್ಕಳೂ ಆಟದ ನಡುವೆ ಎಣಿಸುವುದನ್ನೂ ಜಗಳವಾಡುವುದನ್ನೂ ಕನ್ನಡದಲ್ಲೇ ಕಲಿಯುತ್ತಾರೆ.

3. ಬಹುಕಾಲ ವ್ಯಾಯಾಮವಿಲ್ಲದವರು ಒಮ್ಮೆಲೇ ಕಬಡ್ಡಿಗೆ ಇಳಿಯಬಾರದು. ಹೃದ್ರೋಗ, ಮಂಡಿನೋವು, ತಲೆ ಸುತ್ತುವಿಕೆ ಇರುವವರು ಓಟದ ಮತ್ತು ಕುಂಟುವ ಆಟಗಳಿಗೆ ಮುನ್ನ ವೈದ್ಯರನ್ನು ವಿಚಾರಿಸಬೇಕು.

4. ಎರಡು ವಾರ ಮೀರಿಯೂ ಯಾವುದರಲ್ಲೂ ಸಂತೋಷ ಕಾಣದಿದ್ದರೆ, ಹಸಿವು ನಿದ್ರೆಗಳು ಕೆಟ್ಟಿದ್ದರೆ, ಬದುಕು ಬೇಡವೆನಿಸಿದರೆ ಆಟವನ್ನು ನೆಚ್ಚಿ ಕೂರಬೇಡಿ. ಅದು ಖಿನ್ನತೆಯ ರೋಗವಿರಬಹುದು. ತಡಮಾಡದೆ ವೈದ್ಯರನ್ನು ಕಾಣಿರಿ, ಅದಕ್ಕೆ ಚಿಕಿತ್ಸೆಯುಂಟು.

5. ಸ್ವಚ್ಛಂದತೆಯೆಂದರೆ ಹೊಣೆಗೇಡಿತನವಲ್ಲ. ಮನೆಯ ಬಾಡಿಗೆ ಕಟ್ಟುವುದು ಪ್ರೌಢನ ಕೆಲಸ. ಅದನ್ನು ಮಗುವಿನ ಕೈಗೆ ಕೊಡಬಾರದು.

ನಮ್ಮ ಹಿರಿಯರ ಕಥೆಗೆ ಮರಳೋಣ. ಅವರಿಗೆ ನಾನು ನಿದ್ರೆಯ ಮಾತ್ರೆ ಕೊಡಲಿಲ್ಲ. ಒಂದು ತಿಂಗಳ ಬಳಿಕ ಬಂದವರು ತಾವಾಗಿಯೇ ಹೇಳಿದರು: ಮಣೆ ಸಿಗಲಿಲ್ಲವಂತೆ. ಮೊಮ್ಮಗಳು ನೆಲದ ಮೇಲೆ ಸೀಮೆಸುಣ್ಣದಿಂದ ಏಳೇಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ವೃತ್ತಗಳನ್ನು ಬರೆದಳಂತೆ. ಮಂಜೊಟ್ಟಿ ಕಾಯಿಗಳ ಬದಲು ಅಡುಗೆಮನೆಯ ಹುಣಿಸೆ ಬೀಜ, ಮನೆಗೆ ನಾಲ್ಕರಂತೆ ಐವತ್ತಾರು. “ಕೈಗೆ ಎಲ್ಲ ನೆನಪಿತ್ತು ಡಾಕ್ಟ್ರೇ, ತಲೆಗೆ ಮರೆತಿತ್ತು” ಎಂದು ನಕ್ಕರು. ನಿದ್ರೆಯ ಬಗ್ಗೆ ಕೇಳಿದೆ. “ನಾಲ್ಕು ಗಂಟೆಗೆ ಈಗಲೂ ಎಚ್ಚರವಾಗುತ್ತದೆ. ಆದರೆ ಮೊದಲಿನ ಹಾಗೆ ಎದೆ ಹೊಡೆದುಕೊಳ್ಳುವುದಿಲ್ಲ. ನಿನ್ನೆ ಅವಳು ಹೇಗೆ ಗೆದ್ದಳೆಂದು ಲೆಕ್ಕ ಹಾಕುತ್ತ ಮಲಗಿರುತ್ತೇನೆ” ಎಂದರು.

ಚಿಕಿತ್ಸೆ ಪೂರ್ಣವಾಯಿತೆಂದು ನಾನು ಹೇಳಲಾರೆ. ಆದರೆ ಅರ್ಧ ಶತಮಾನದ ಹಿಂದೆ ಒಲೆಯ ಮುಂದೆ ನಿಂತಿದ್ದ ಆ ಹುಡುಗನಿಗೆ ಕೊನೆಗೂ ರಜೆ ಸಿಕ್ಕಿತು. ವಾಚಕರೆಲ್ಲರೂ ತಮ್ಮೊಳಗಿನ ಹುಡುಗನಿಗೆ, ಹುಡುಗಿಗೆ ಅಂಥದೊಂದು ರಜೆಯನ್ನು ಇಂದು ಸಂಜೆಯೇ ಮಂಜೂರು ಮಾಡಲಿ ಎಂದು ಹಾರೈಸುತ್ತೇನೆ.